ಏರೋಪ್ಲೇನ್ ಚಿಟ್ಟೆ ಹುಡುಕಲು ಜೌಗಿಗೆ ಹೋಗಿ

ಪ್ರಶ್ನೆ: ಸರ್, ಏರೋಪ್ಲೇನ್ ಚಿಟ್ಟೆ ನೋಡೋಣ ಅಂತ ಬೆಳಿಗ್ಗೆ ಆರಕ್ಕೇ ಹಿರೇಕೊಳಲೆ ಕೆರೆಗೆ ಹೋಗಿದ್ದೆ. ಒಂದೂ ಕಾಣಲಿಲ್ಲ. ಯಾವಾಗ, ಎಲ್ಲಿ ಹುಡುಕಬೇಕು? ಡ್ಯಾಮ್ಸೆಲ್‌ಫ್ಲೈ ಅಂತಾರಲ್ಲ, ಅದು ಬೇರೇನಾ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅಲ್ಲೇ ಇದ್ದಿರುತ್ತವೆ. ರಾತ್ರಿ ಹುಲ್ಲು ಹಿಡಿದು ಕೂತವು ಮೈ ಬಿಸಿಯಾಗುವ ತನಕ ಏಳುವುದಿಲ್ಲ. ಬೆಟ್ಟದ ಚಳಿಗೆ ಇನ್ನೂ ತಡ. ಹಾರಾಟ ನೋಡಬೇಕಾದರೆ ಬಿಸಿಲೇರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಹೋಗಿ. ಫೋಟೊ ಬೇಕಾದರೆ ಮುಂಜಾನೆಯೇ ಸರಿ. ಬಗ್ಗಿ ಹುಲ್ಲಿನೊಳಗೆ ನೋಡಿ, ರೆಕ್ಕೆ ತುಂಬ ಇಬ್ಬನಿ ಇರುತ್ತದೆ.

ಡ್ಯಾಮ್ಸೆಲ್‌ಫ್ಲೈ ಹತ್ತಿರದ ನೆಂಟ. ಮೈ ತೀರಾ ಸಪೂರ, ಕಣ್ಣುಗಳ ನಡುವೆ ಅಂತರ ಜಾಸ್ತಿ. ಕೂತಾಗ ಹೆಚ್ಚಿನವು ರೆಕ್ಕೆಯನ್ನು ಬೆನ್ನ ಮೇಲೆ ಮಡಚುತ್ತವೆ. ಏರೋಪ್ಲೇನ್ ಚಿಟ್ಟೆ ಅಗಲಕ್ಕೆ ಚಾಚುತ್ತದೆ.

ನನ್ನನ್ನು ಕೇಳಿದರೆ ಏರಿಗಿಂತ, ಕೆರೆಗೆ ಹಳ್ಳ ಸೇರುವ ಕಡೆಯ ಜೌಗು ಮೇಲು. ಗಂಡುಗಳು ಅಲ್ಲಿ ಕಡ್ಡಿ ಹಿಡಿದು ಕಾವಲು ಕೂರುತ್ತವೆ. ಅಟ್ಟಿಸಿಕೊಂಡು ಹೋಗಬೇಡಿ. ಹಾರಿದ್ದು ಸಾಮಾನ್ಯವಾಗಿ ಒಂದು ಸುತ್ತು ಹಾಕಿ ಅದೇ ಕಡ್ಡಿಗೆ ಬರುತ್ತದೆ. ನಿಮ್ಮ ನೆರಳು ಬೀಳದ ಹಾಗೆ ಸುಮ್ನೆ ಕೂತಿರಿ. ಗುಲಾಬಿ-ನೇರಳೆ ಮೈಯ ಟ್ರೈಥೆಮಿಸ್ ಅರೋರಾ ಗಂಡು ಸಿಗಬಹುದು. ಸುಡು ಮಧ್ಯಾಹ್ನ ಕೆಲವು ಬಾಲವನ್ನು ಸೂರ್ಯನ ಕಡೆ ನೆಟ್ಟಗೆ ಎತ್ತುತ್ತವೆ. ಹಾಗೆ ಮಾಡಿದರೆ ಮೈಗೆ ಬೀಳುವ ಬಿಸಿಲು ಕಡಿಮೆ. ಹರಿಯುವ ಹಳ್ಳದ ಗುಂಟ ನಡೆದರೆ ನ್ಯೂರೋಬೇಸಿಸ್ ಚೈನೆನ್ಸಿಸ್ ಹುಡುಕಿ. ಆ ಡ್ಯಾಮ್ಸೆಲ್‌ಫ್ಲೈ ಗಂಡು ರೆಕ್ಕೆ ಬಿಚ್ಚಿದರೆ ಹಿಂದಿನ ಜೋಡಿ ಹಸಿರಾಗಿ ಹೊಳೆಯುತ್ತದೆ. ನೋಡಿಯೇ ತೀರಬೇಕು.

ಆದರೆ ನಾನು ಮೊದಲು ಹುಡುಕುವುದು ಪೊರೆಯನ್ನು. ಮರಿ ನೀರಲ್ಲೇ ಬೆಳೆದು, ಕೊನೆಗೆ ಜೊಂಡು ಹತ್ತಿ, ಬೆನ್ನು ಸೀಳಿಕೊಂಡು ಹೊರಬರುತ್ತದೆ. ಖಾಲಿ ಪೊರೆಯ ಕಾಲುಗಳು ಕಡ್ಡಿಯನ್ನು ಹಿಡಿದೇ ಇರುತ್ತವೆ. ಸೀಳಿನಿಂದ ಬಿಳಿ ಎಳೆಗಳು ಇಣುಕುತ್ತವೆ, ಅವು ಉಸಿರುನಳಿಗೆಗಳ ಒಳಪದರ. ಹಾರುವ ಚಿಟ್ಟೆ ಎಲ್ಲಿಂದಲೋ ಬಂದಿರಬಹುದು. ನಮ್ಮಲ್ಲೂ ಕಾಣುವ ಪಂಟಾಲಾ ಫ್ಲೇವೆಸೆನ್ಸ್ ಅನ್ನುವ ಏರೋಪ್ಲೇನ್ ಚಿಟ್ಟೆ ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾ ತನಕ ಹೋಗುತ್ತದೆ ಅಂತ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲೇ ಬರೆದಿದ್ದಾರೆ. ಪೊರೆ ಸಿಕ್ಕರೆ ಮಾತ್ರ, ಅದು ಈ ನೀರಲ್ಲೇ ಬೆಳೆದದ್ದು ಅಂತ ಖಾತ್ರಿ. ಹಾಗಾಗಿ, ಕೆರೆ ಚೆಂದ ಮಾಡುತ್ತೇವೆ ಅಂತ ದಡದ ಜೊಂಡೆಲ್ಲ ಕಿತ್ತು ಕಲ್ಲು ಕಟ್ಟುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮರಿ ಯಾವುದನ್ನು ಹಿಡಿದು ಮೇಲೆ ಬರಬೇಕು?

ಮಳೆ ಇಳಿದ ಮೇಲೆ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಉಂಬಳ ಇರುತ್ತವೆ, ಉದ್ದ ಸಾಕ್ಸ್ ಹಾಕಿಕೊಳ್ಳಿ. ಬಲೆ ಬೇಡ. ಎರಡು ಮೀಟರ್ ದೂರದ್ದನ್ನೂ ಸ್ಪಷ್ಟ ತೋರಿಸುವ ದುರ್ಬೀನು ಸಾಕು.