ಓದುಗರ ಪ್ರಶ್ನೆ–ಉತ್ತರ: ಪೈಲಟ್ ತರಬೇತಿಗೆ ಹಣ ಕಟ್ಟುವ ಮುನ್ನ

ಪ್ರಶ್ನೆ: ನಾನು ಶಿರಸಿಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಯಜಮಾನರು ಮೂರು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಪೈಲಟ್ ಆಗಲೇಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಸಲಹಾ ಕೇಂದ್ರವೊಂದರವರು ಒಟ್ಟು 60 ಲಕ್ಷ ರೂಪಾಯಿಗೆ 18 ತಿಂಗಳಲ್ಲಿ ಲೈಸೆನ್ಸ್, ಅದಾದ ಕೂಡಲೇ ಕೆಲಸ ಎಂದು ಭರವಸೆ ಕೊಟ್ಟು, ಈ ತಿಂಗಳೊಳಗೆ 10 ಲಕ್ಷ ಮುಂಗಡ ಕಟ್ಟುವಂತೆ ಒತ್ತಾಯಿಸುತ್ತಿದ್ದಾರೆ. ನಮ್ಮಲ್ಲಿ ಸುಮಾರು 15 ಲಕ್ಷ ಉಳಿತಾಯವಿದೆ, ಪಟ್ಟಣದಲ್ಲಿ ಒಂದು ಸ್ವಂತ ಮನೆಯಿದೆ. ಮಗ ಹತ್ತನೇ ತರಗತಿಯಲ್ಲಿದ್ದಾನೆ. ಮುಂಗಡ ಕಟ್ಟಬಹುದೇ? ತೋಟದ ಮೇಲೆ ಸಾಲ ಸಿಗುತ್ತದೆಯೇ?
— ಓದುಗರು, ಶಿರಸಿ

ಉತ್ತರ: ಈ ತಿಂಗಳು ಮುಂಗಡ ಕಟ್ಟಬೇಡಿ. ಮಗಳ ಆಸೆ ತಪ್ಪೆಂದು ಈ ಮಾತು ಹೇಳುತ್ತಿಲ್ಲ. ನಮ್ಮ ದೇಶದ ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ 15ರಷ್ಟಿದ್ದು, ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ. ಆದರೆ ಈ ವೃತ್ತಿಯ ತಯಾರಿಯಲ್ಲಿ ಕೆಲವೇ ಸಾವಿರ ರೂಪಾಯಿ ಬೇಡುವ ಹಂತಗಳು ಮೊದಲು ಬರುತ್ತವೆ, ಲಕ್ಷಗಟ್ಟಲೆ ಬೇಡುವ ಹಂತಗಳು ಆಮೇಲೆ ಬರುತ್ತವೆ. ಮೊದಲಿನವು ಮುಗಿಯುವ ಮುನ್ನವೇ ಲಕ್ಷಗಳನ್ನು ಕೇಳುವವರು ನಿಮ್ಮ ಮಗಳ ಅರ್ಹತೆಯನ್ನು ತಿಳಿದು ಕೇಳುತ್ತಿಲ್ಲ.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಸಿಎ ಎಂದು ಕರೆಯುವ ಸಂಸ್ಥೆ, ಮಾನ್ಯ ಮಾಡಿದ ವೈದ್ಯರಲ್ಲಿ ಕ್ಲಾಸ್ 2 ಪರೀಕ್ಷೆ ಮಾಡಿಸಿ, ಅದರ ಆಧಾರದ ಮೇಲೆ ಕ್ಲಾಸ್ 1 ಪರೀಕ್ಷೆಗೆ ಹೋಗಬೇಕು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕ್ಲಾಸ್ 1 ಕಡ್ಡಾಯ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಈ ಪರೀಕ್ಷೆ ನಡೆಸುವ ಕೇಂದ್ರಗಳಲ್ಲಿ ಒಂದು. ಹೃದಯ, ಕಿವಿ, ಬಣ್ಣ ಗುರುತಿಸುವ ಶಕ್ತಿ ಮೊದಲಾದವುಗಳಲ್ಲಿ ತೊಡಕೇನಾದರೂ ಇದ್ದರೆ ಅದು ಇಲ್ಲಿಯೇ ತಿಳಿಯುತ್ತದೆ. ಅರ್ಧ ತರಬೇತಿ ಮುಗಿಸಿ, ಇಪ್ಪತ್ತು ಲಕ್ಷ ಕಟ್ಟಿದ ಮೇಲೆ ಕ್ಲಾಸ್ 1 ಸಿಗದೆ ಮನೆಗೆ ಮರಳುವ ಪರಿಸ್ಥಿತಿ ಯಾರಿಗೂ ಬೇಡ.

ಎರಡನೆಯದು ಲಿಖಿತ ಪರೀಕ್ಷೆಗಳು. ಏರ್ ನ್ಯಾವಿಗೇಷನ್, ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್ಸ್ ಮತ್ತು ಟೆಕ್ನಿಕಲ್ ವಿಷಯಗಳಲ್ಲಿ ತಲಾ ಶೇ 70 ಅಂಕ ಪಡೆಯಬೇಕು. ಇದರ ಜೊತೆಗೆ ರೇಡಿಯೋ ಸಂಭಾಷಣೆಗೆ ಬೇಕಾದ ಆರ್‌ಟಿಆರ್ ಪ್ರಮಾಣಪತ್ರವೂ ಬೇಕು. ಹಿಂದೆ ಇದನ್ನು ದೂರಸಂಪರ್ಕ ಇಲಾಖೆ ಕೊಡುತ್ತಿತ್ತು. 2025ರ ಜನವರಿಯಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2024 ಆ ಹೊಣೆಯನ್ನು ಡಿಜಿಸಿಎಗೆ ವಹಿಸಿದೆ. ಪಿಯುಸಿ ಮುಗಿದ ಮೇಲೆ ಆರೇಳು ತಿಂಗಳು ಮಗಳು ಈ ಪತ್ರಿಕೆಗಳಿಗೆ ಕೂತು ಓದಲಿ. ಕೋಚಿಂಗ್ ಸೇರಿದರೂ ಹಾರಾಟದ ಖರ್ಚಿನ ಮುಂದೆ ಇದು ಸಣ್ಣ ಮೊತ್ತ. ಪತ್ರಿಕೆಗಳನ್ನು ಮುಗಿಸಿಕೊಂಡೇ ಹಾರಾಟಕ್ಕೆ ಹೋದವರಿಗೆ ಶಾಲೆಯಲ್ಲಿ ದಿನಗಳು ಪೋಲಾಗುವುದಿಲ್ಲ. ಪತ್ರಿಕೆ ಬಾಕಿ ಉಳಿಸಿಕೊಂಡವರು ವಿಮಾನ ಖಾಲಿಯಿದ್ದ ದಿನ ಪುಸ್ತಕ ಹಿಡಿದು ಕೂರಬೇಕಾಗುತ್ತದೆ. ಅವಳ ಹಟ ಎಷ್ಟು ಗಟ್ಟಿ ಎನ್ನುವುದೂ ಈ ತಿಂಗಳುಗಳಲ್ಲಿ ನಿಮಗೆ ತಿಳಿದುಬಿಡುತ್ತದೆ.

ಇವೆರಡೂ ಆದ ಮೇಲೆ ಹಾರಾಟದ ಶಾಲೆಯ ಮಾತು. ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, ಒಟ್ಟು 200 ಗಂಟೆ ಹಾರಾಟವಾಗಿರಬೇಕು, ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು. ನಿಮಗೆ ಹೇಳಿದ 18 ತಿಂಗಳ ಲೆಕ್ಕವನ್ನು ಈ 200ರಿಂದಲೇ ಅಳೆಯಿರಿ. ವಿದ್ಯಾರ್ಥಿಗೆ ತಿಂಗಳಿಗೆ 20 ಗಂಟೆ ಸಿಕ್ಕರೆ ಹತ್ತು ತಿಂಗಳಲ್ಲಿ ಮುಗಿಯುತ್ತದೆ. 8 ಗಂಟೆ ಸಿಕ್ಕರೆ 25 ತಿಂಗಳು ಬೇಕು. ಮಳೆಗಾಲ, ಉತ್ತರ ಭಾರತದ ಚಳಿಗಾಲದ ಮಂಜು, ದುರಸ್ತಿಗೆ ನಿಂತ ವಿಮಾನ, ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಹೋದ ಬೋಧಕ, ಇವೆಲ್ಲ ಸೇರಿ ತಿಂಗಳ ಗಂಟೆಗಳನ್ನು ತಿನ್ನುತ್ತವೆ. ಆ ಹೆಚ್ಚುವರಿ ತಿಂಗಳುಗಳ ಹಾಸ್ಟೆಲ್, ಊಟ ಮತ್ತು ಸಾಲದ ಬಡ್ಡಿ ಯಾವ ಶಾಲೆಯ ಶುಲ್ಕಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಶಾಲೆಗೆ ನೀವೇ ಹೋಗಿ, ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು, ವಿದ್ಯಾರ್ಥಿಗಳು ಎಷ್ಟು ಮಂದಿ, ಕಳೆದ ವರ್ಷ ಲೈಸೆನ್ಸ್ ಪಡೆದವರು ಸೇರಿದ್ದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರವನ್ನು ಕಚೇರಿಯವರಿಂದ ಮಾತ್ರವಲ್ಲದೆ ಕ್ಯಾಂಟೀನಿನಲ್ಲಿ ಕೂತಿರುವ ಹುಡುಗ ಹುಡುಗಿಯರಿಂದಲೂ ಪಡೆಯಿರಿ.

2025ರ ಅಕ್ಟೋಬರ್ 1ರಂದು ಡಿಜಿಸಿಎ ಮೊದಲ ಬಾರಿಗೆ ಹಾರಾಟ ತರಬೇತಿ ಶಾಲೆಗಳಿಗೆ ದರ್ಜೆ ನೀಡಿತು. ಎ ಪ್ಲಸ್ ಮತ್ತು ಎ ದರ್ಜೆಗೆ ಒಂದು ಶಾಲೆಯೂ ಏರಲಿಲ್ಲ. ಎಲ್ಲವೂ ಬಿ ಮತ್ತು ಸಿ ದರ್ಜೆಯಲ್ಲೇ ಉಳಿದವು. ಸಲಹಾ ಕೇಂದ್ರದವರು ತಮ್ಮ ಶಾಲೆಯನ್ನು ದೇಶಕ್ಕೇ ಶ್ರೇಷ್ಠ ಎಂದು ಹೊಗಳಿದರೆ ಈ ಪಟ್ಟಿಯನ್ನು ಮುಂದಿಡಿ. ನಮ್ಮ ರಾಜ್ಯದಲ್ಲೇ ಮೈಸೂರು, ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳನ್ನು ನೆಲೆಯಾಗಿಸಿಕೊಂಡು ಶಾಲೆಗಳು ಆರಂಭವಾಗಿವೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ 1949ರಷ್ಟು ಹಿಂದಿನ ಇತಿಹಾಸವಿದ್ದರೂ ಅಲ್ಲಿ ಹಾರಾಟ ನಡುನಡುವೆ ನಿಂತಿದ್ದುಂಟು; ಹೆಸರು ನೋಡಿ ಅಲ್ಲ, ರನ್‌ವೇ ನೋಡಿ ಅರ್ಜಿ ಹಾಕಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಗೆ ಪ್ರವೇಶ ಪರೀಕ್ಷೆ ಬರೆದು, ಸಂದರ್ಶನದಲ್ಲೂ ಗೆದ್ದು ಹೋಗಬೇಕು. ಕೆಲವು ವರ್ಷಗಳ ಹಿಂದೆ ಅಲ್ಲಿನ ಶುಲ್ಕ 45 ಲಕ್ಷದಷ್ಟಿತ್ತು. ಮಗಳು ಆ ಪರೀಕ್ಷೆಗೆ ಕೂರುವುದಂತೂ ಆಗಲೇಬೇಕು.

ಈಗ 60 ಲಕ್ಷದ ಒಳಗೇನಿದೆ ಎಂಬುದನ್ನು ಬಿಡಿಸಿ ನೋಡೋಣ. ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಏರ್‌ಬಸ್ ಎ320 ಅಥವಾ ಬೋಯಿಂಗ್ 737 ನಡೆಸಲು ಬರುವುದಿಲ್ಲ. ಆ ವಿಮಾನಕ್ಕೆಂದೇ ಸಿಮ್ಯುಲೇಟರಿನಲ್ಲಿ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿಯಿದೆ. ಅದಕ್ಕೆ ಇನ್ನೂ ಹದಿನೈದು ಇಪ್ಪತ್ತು ಲಕ್ಷದ ಆಸುಪಾಸಿನ ಖರ್ಚು. ನಿಮಗೆ ಹೇಳಿದ ಮೊತ್ತದಲ್ಲಿ ಇದು ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಸೇರಿದ್ದರೂ ನನ್ನ ಸಲಹೆ ಬೇರೆ: ಕೆಲಸಕ್ಕೆ ಆಯ್ಕೆಯಾದ ಪತ್ರ ಕೈಗೆ ಬರುವ ಮುನ್ನ ಟೈಪ್ ರೇಟಿಂಗಿಗೆ ಹಣ ಸುರಿಯಬೇಡಿ. ಇಂಡಿಗೊದ ಬಹುಪಾಲು ವಿಮಾನಗಳು ಏರ್‌ಬಸ್, ಆಕಾಸಾದವು ಬೋಯಿಂಗ್; ಯಾವುದು ಕರೆಯುತ್ತದೆಂದು ತಿಳಿಯದೆ ಒಂದನ್ನು ಕಲಿತು ಕುಳಿತರೆ ಆ ಕಲಿಕೆಗೆ ಕೆಲಸವಿಲ್ಲದಂತಾಗಬಹುದು.

“ಅದಾದ ಕೂಡಲೇ ಕೆಲಸ” ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕುಟುಂಬಗಳು ಮುಗ್ಗರಿಸುವುದು ಶುಲ್ಕದಲ್ಲಿ ಅಲ್ಲ, ಲೈಸೆನ್ಸ್ ಬಂದ ನಂತರದ ಕಾಯುವಿಕೆಯಲ್ಲಿ. ಈ ಉದ್ಯಮದ ನೇಮಕಾತಿಗೆ ಏರಿಳಿತ ಹೆಚ್ಚು. 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಸಾವಿರಾರು ಗಂಟೆ ಅನುಭವವಿದ್ದವರೇ ಕೆಲಸ ಹುಡುಕಿಕೊಂಡು ಬೀದಿಗೆ ಬಂದರು. ಅವರ ಎದುರು 200 ಗಂಟೆಯ ಹೊಸಬರನ್ನು ಕೇಳುವವರಿರಲಿಲ್ಲ. ಇನ್ನೊಂದೆಡೆ 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿಯಿಲ್ಲದೆ ಇಂಡಿಗೊ ಹಾರಾಟಗಳು ರಾಶಿರಾಶಿಯಾಗಿ ರದ್ದಾದದ್ದನ್ನು ನೀವೂ ಓದಿರುತ್ತೀರಿ. ಹಾಗೆಂದು ಎಲ್ಲ ಹೊಸಬರಿಗೂ ಬಾಗಿಲು ತೆರೆದಿದೆ ಎಂದಲ್ಲ: 2023ರ ಒಂದೇ ವರ್ಷದಲ್ಲಿ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿದೆ, ಅವರೆಲ್ಲ ನಿಮ್ಮ ಮಗಳ ಮುಂದೆ ಸಾಲಿನಲ್ಲಿರುವವರು. ಕಾಯುವ ಅವಧಿಯಲ್ಲಿ ಖರ್ಚು ನಿಲ್ಲುವುದಿಲ್ಲ. ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರಕ್ಕೂ ಉಪಕರಣಗಳ ನೆರವಿನಿಂದ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗಿಗೂ ಒಂದೊಂದು ವರ್ಷದ ಆಯಸ್ಸು. ಅವುಗಳನ್ನು ಜೀವಂತ ಇಡಲು ಮತ್ತೆ ಪರೀಕ್ಷೆ, ಮತ್ತೆ ಹಾರಾಟ, ಮತ್ತೆ ಹಣ.

ಆದ್ದರಿಂದ ನಿಮ್ಮ 15 ಲಕ್ಷವನ್ನು ಮೊದಲೇ ಮುಗಿಸಬೇಡಿ. ವೈದ್ಯಕೀಯ, ಪತ್ರಿಕೆಗಳು ಮತ್ತು ಬ್ಯಾಂಕು ಕೇಳುವ ಸ್ವಂತ ಪಾಲಿಗೆ ಬೇಕಾದಷ್ಟನ್ನು ಬಳಸಿ, ಕನಿಷ್ಠ ಐದಾರು ಲಕ್ಷವನ್ನು ಕಾಯುವ ವರ್ಷಕ್ಕೆಂದು ಬೇರೆ ಇಡಿ. ಡಿಜಿಸಿಎ ಮಾನ್ಯತೆಯ ಪೈಲಟ್ ತರಬೇತಿಗೆ ಬ್ಯಾಂಕುಗಳು ಶಿಕ್ಷಣ ಸಾಲ ಕೊಡುತ್ತವೆ. ಆದರೆ ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಆಧಾರ ಕೇಳುತ್ತವೆ. ತೋಟವನ್ನು ಆಧಾರವಾಗಿ ಕೊಡುವುದು ಕಷ್ಟ. ಕೃಷಿ ಭೂಮಿಯನ್ನು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರವಿಲ್ಲದ ಕಾರಣ ಅವರು ಹಿಂಜರಿಯುತ್ತಾರೆ. ಇದು ನಿಮ್ಮ ಪಾಲಿಗೆ ಒಳ್ಳೆಯದೇ ಎಂದು ನನಗನಿಸುತ್ತದೆ: ವರ್ಷದ ಊಟ ಕೊಡುವ ತೋಟ ಸಾಲದಿಂದ ದೂರವೇ ಇರಲಿ. ಪಟ್ಟಣದ ಮನೆ, ಠೇವಣಿ ಅಥವಾ ವಿಮಾ ಪಾಲಿಸಿಯ ಆಧಾರದ ಮೇಲೆ ಸಾಲ ಕೇಳಿ.

ಲೆಕ್ಕ ಹೀಗಿದೆ. 40 ಲಕ್ಷವನ್ನು ಶೇ 10.5ರ ಬಡ್ಡಿಗೆ ಹತ್ತು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 54,000 ರೂಪಾಯಿ ಆಗುತ್ತದೆ. ಟೈಪ್ ರೇಟಿಂಗಿಗೆ ಇನ್ನೂ 15 ಲಕ್ಷ ಸೇರಿದರೆ ಸುಮಾರು 74,000ಕ್ಕೆ ಏರುತ್ತದೆ. ಕೋರ್ಸಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟದೆ ಇರಬಹುದಾದರೂ ಬಡ್ಡಿ ಓಡುತ್ತಲೇ ಇರುತ್ತದೆ. 40 ಲಕ್ಷವೂ ಬಿಡುಗಡೆಯಾದ ಮೇಲೆ ಬಡ್ಡಿಯೊಂದೇ ತಿಂಗಳಿಗೆ 35,000 ರೂಪಾಯಿ. ನಿಮ್ಮ ಸಂಬಳದಿಂದ ಇದನ್ನು ಆಗಿಂದಾಗ್ಗೆ ಕಟ್ಟಬಲ್ಲಿರಾದರೆ ಅಸಲು ಬೆಳೆಯುವುದಿಲ್ಲ, ಕೆಲವು ಬ್ಯಾಂಕುಗಳು ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಕಟ್ಟಲಾಗದಿದ್ದರೆ ಆ ಸಾಲವೇ ನಿಮಗೆ ದೊಡ್ಡದು. ಆಗ ಅವಳು ಮೊದಲು ಪದವಿ ಮುಗಿಸಿ, ನೀವು ಇನ್ನಷ್ಟು ಉಳಿಸಿ, ಮೂರು ವರ್ಷದ ನಂತರ ಹೊರಡುವುದರಲ್ಲಿ ನಷ್ಟವಿಲ್ಲ. ಶಿಕ್ಷಣ ಸಾಲಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಎಂಟು ವರ್ಷದವರೆಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ.

ಕೊನೆಯದಾಗಿ, ಹಣವನ್ನು ಶಾಲೆಯ ಖಾತೆಗೇ ಕಟ್ಟಿ, ಮಧ್ಯವರ್ತಿಯ ಖಾತೆಗಲ್ಲ. ಹಾರಿದ ಗಂಟೆಗಳಿಗೆ ತಕ್ಕಂತೆ ಕಂತು, ನಡುವೆ ಬಿಟ್ಟರೆ ಎಷ್ಟು ವಾಪಸು ಎಂಬುದು ಒಪ್ಪಂದದಲ್ಲಿ ಬರೆದಿರಬೇಕು. ಬರೆದು ಕೊಡಲು ಒಪ್ಪದಿದ್ದರೆ ಆ ಬಾಗಿಲಿನಿಂದ ಹಿಂದಿರುಗಿ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲಿಲ್ಲ. ಪೈಲಟ್ ಆಗುವ ದಾರಿ ಮುಚ್ಚಿದೆಯೇ?
— ಓದುಗ, ಬಳ್ಳಾರಿ

ಉತ್ತರ: ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿಯ ಈ ಎರಡು ವಿಷಯಗಳನ್ನು ಮಾತ್ರ ಬರೆದು ತೇರ್ಗಡೆಯಾದವರು ಬಹಳ ಮಂದಿ ಇದ್ದಾರೆ. ವಿಜ್ಞಾನದ ಷರತ್ತನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಸುದ್ದಿಯಾಯಿತು. ಪ್ರಸ್ತಾಪವನ್ನು ನಂಬಿ ಕೂರದೆ ಪರೀಕ್ಷೆ ಬರೆದುಬಿಡಿ. ನ್ಯಾವಿಗೇಷನ್ ಪತ್ರಿಕೆಗೆ ಆ ಗಣಿತ ಹೇಗೂ ಬೇಕಾಗುತ್ತದೆ.

ಪ್ರಶ್ನೆ: ನನಗೆ ಕನ್ನಡಕವಿದೆ. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅರ್ಜಿ ಹಾಕಲೇ?
— ಓದುಗ, ಕಲಬುರಗಿ

ಉತ್ತರ: ಅವಸರ ಬೇಡ. ಕನ್ನಡಕ ಹಾಕಿದಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಕನ್ನಡಕವೊಂದೇ ಕಾರಣಕ್ಕೆ ಯಾರನ್ನೂ ತಿರಸ್ಕರಿಸುವುದಿಲ್ಲ. ಬಣ್ಣ ಗುರುತಿಸುವ ಪರೀಕ್ಷೆಯ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಸ್ಥಿರವಾಗುವವರೆಗೆ ಕಾಯಬೇಕಾದ್ದರಿಂದ, ಡಿಜಿಸಿಎ ಮಾನ್ಯತೆಯ ವೈದ್ಯರನ್ನು ಕಂಡ ಮೇಲೆಯೇ ತೀರ್ಮಾನಿಸಿ.

ಪ್ರಶ್ನೆ: ಮಗನಿಗೆ ಕ್ಲಾಸ್ 1 ಸಿಕ್ಕಿದೆ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿಗೆ ಕಳುಹಿಸಿದರೆ ಒಂದೇ ವರ್ಷದಲ್ಲಿ ತರಬೇತಿ ಮುಗಿಯುತ್ತದೆ ಎನ್ನುತ್ತಾನೆ. ಯಾವುದು ಮೇಲು?
— ಓದುಗರು, ಮಂಗಳೂರು

ಉತ್ತರ: ಅಲ್ಲಿ ವಿಮಾನಗಳು ಹೆಚ್ಚು, ಫ್ಲಾರಿಡಾ, ಅರಿಝೋನಾದಂಥ ಕಡೆ ಹಾರಲು ತಕ್ಕ ಹವೆ ವರ್ಷದ ಹೆಚ್ಚು ದಿನ ಇರುತ್ತದೆ, ಹಾಗಾಗಿ ಗಂಟೆಗಳು ಬೇಗ ಮುಗಿಯುತ್ತವೆ ಎಂಬುದು ನಿಜ. ಆದರೆ ಅಮೆರಿಕದ ಲೈಸೆನ್ಸ್ ಹಿಡಿದು ಇಲ್ಲಿನ ವಿಮಾನ ಹತ್ತುವಂತಿಲ್ಲ. ಇಲ್ಲಿಗೆ ಬಂದು ಡಿಜಿಸಿಎ ಪತ್ರಿಕೆಗಳು, ಆರ್‌ಟಿಆರ್ ಮತ್ತು ಹಾರಾಟದ ಪರೀಕ್ಷೆಗಳನ್ನು ಮುಗಿಸಿ ಭಾರತದ ಲೈಸೆನ್ಸಿಗೆ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಕೆಲವು ತಿಂಗಳು, ಕೆಲವು ಲಕ್ಷ ಹೆಚ್ಚುವರಿ ಇಟ್ಟುಕೊಳ್ಳಿ. ಪತ್ರಿಕೆಗಳನ್ನು ಹೊರಡುವ ಮುನ್ನವೇ ಮುಗಿಸಿದರೆ ಅರ್ಧ ಭಾರ ಇಳಿಯುತ್ತದೆ. ಡಾಲರ್ ಏರಿದಷ್ಟೂ ಶುಲ್ಕ ಏರುತ್ತದೆ. ಇವತ್ತಿನ ದರಕ್ಕೆ ಶೇ 10ರಷ್ಟು ಸೇರಿಸಿ ಲೆಕ್ಕ ಹಾಕಿ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಮೂಲದಲ್ಲಿ ತೆರಿಗೆ ಸಂಗ್ರಹವಿಲ್ಲ, ಸ್ವಂತ ಹಣವನ್ನು ವರ್ಷಕ್ಕೆ 10 ಲಕ್ಷ ಮೀರಿ ಕಳುಹಿಸಿದರೆ ಇದೆ. ತಮ್ಮನ ಮನೆಯಲ್ಲೇ ಉಳಿದು ಕಲಿಯುವಷ್ಟು ಹತ್ತಿರ ಶಾಲೆಯಿದ್ದರೆ ಅಮೆರಿಕ ಲಾಭ. ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಹಿಡಿಯಬೇಕಾದರೆ ಆ ಲಾಭ ಬಹುತೇಕ ಕರಗಿಹೋಗುತ್ತದೆ, ಆಗ ಇಲ್ಲಿಯೇ ನೋಡಿ.