ರಟ್ಟಿನ ಶಿರಸ್ತ್ರಾಣಕ್ಕೆ ಬಲ ಬರುವುದು ಅಂಚಿನಿಂದ

ಪ್ರಶ್ನೆ: ಸರ್, ರಾಜ್ಯೋತ್ಸವದ ಮೆರವಣಿಗೆಗೆ ನಮ್ಮ ಮಗ ವಿಜಯನಗರದ ಸೈನಿಕನ ವೇಷ ಹಾಕುತ್ತಿದ್ದಾನೆ. ಕಾರ್ಟನ್ ಡಬ್ಬದ ರಟ್ಟು ಕತ್ತರಿಸಿ, ಗ್ಲೂ ಗನ್‌ನಲ್ಲಿ ಅಂಟಿಸಿ ಶಿರಸ್ತ್ರಾಣ ಮಾಡಿದೆ. ಒಂದೇ ರಿಹರ್ಸಲ್‌ಗೆ ನೆತ್ತಿ ತಗ್ಗಾಯಿತು, ಕಿವಿ ಹತ್ತಿರದ ಜೋಡಣೆ ಬಿಟ್ಟುಕೊಂಡಿತು, ಬೆವರಿಗೆ ಹಣೆಯ ಅಂಚು ಮೆತ್ತಗಾಯಿತು. ಫೈಬರ್ ರೆಸಿನ್ ಹಚ್ಚಿ ಅನ್ನುತ್ತಾರೆ, ಅಷ್ಟು ದುಡ್ಡು ಹಾಕುವ ಮನಸ್ಸಿಲ್ಲ. ಕಡಿಮೆ ಖರ್ಚಿನಲ್ಲಿ ಗಟ್ಟಿ ಮಾಡುವುದು ಹೇಗೆ? (ತಿಪಟೂರಿನ ಓದುಗರೊಬ್ಬರು)

ಉತ್ತರ: ಮಾಡಿದ್ದನ್ನು ಎಸೆಯಬೇಡಿ. ನೀವು ಹೇಳಿದ ಮೂರು ತೊಂದರೆಗೂ ಮನೆಯಲ್ಲೇ ಮದ್ದಿದೆ. ಫೆವಿಕಾಲ್, ಹಳೇ ನ್ಯೂಸ್‌ಪೇಪರ್, ಒಂದು ಹಳೇ ಕಾಟನ್ ಪಂಚೆ, ಕಂಬಿ ಕಟ್ಟುವ ಬೈಂಡಿಂಗ್ ವೈರ್ ಇಷ್ಟಿದ್ದರೆ ಸಾಕು.

ರೆಸಿನ್ ಬೇಡ ಅನ್ನುವುದು ದುಡ್ಡಿನ ಕಾರಣಕ್ಕೆ ಮಾತ್ರವಲ್ಲ. ಪಾಲಿಯೆಸ್ಟರ್ ರೆಸಿನ್‌ನ ವಾಸನೆ ಮುಚ್ಚಿದ ಕೋಣೆಯಲ್ಲಿ ತಲೆ ತಿರುಗಿಸುತ್ತದೆ. ಜೊತೆಗೆ ಬೆರೆಸುವ ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಹೆಚ್ಚಾದರೆ ಮಿಶ್ರಣ ಬಿಸಿಯೇರಿ ಹೊಗೆಯಾಡುತ್ತದೆ. ಗಾಜಿನ ನಾರಿನ ಪುಡಿ ಮೈಗೆ ಹತ್ತಿದರೆ ಎರಡು ದಿನ ತುರಿಕೆ. ಎರಡು ಗಂಟೆಯ ಮೆರವಣಿಗೆಗೆ ಇಷ್ಟೆಲ್ಲ ಯಾಕೆ?

ಇನ್ನೊಂದು ಮಾತು. ಗಟ್ಟಿ ಅಂದ ಕೂಡಲೇ ನಮ್ಮ ಜನ ದಪ್ಪ ಮಾಡಲು ಹೊರಡುತ್ತಾರೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತುತ್ತಾರೆ. ಅದು ಭಾರ, ಮೇಲಾಗಿ ಹೆಂಚಿನ ಹಾಗೆ: ಕೈತಪ್ಪಿ ಬಿದ್ದರೆ ಬಿರುಕು. ವೇಷದ ಶಿರಸ್ತ್ರಾಣ ಬಿದ್ದಾಗ ಸ್ವಲ್ಪ ಬಾಗಿ ಮತ್ತೆ ಎದ್ದು ನಿಲ್ಲಬೇಕು. ಆ ಗುಣ ಕೊಡುವುದು ಬಟ್ಟೆ ಮತ್ತು ಅಂಚು. ಸ್ಟೀಲ್ ತಟ್ಟೆಯ ಬಾಯಿ ನೋಡಿ. ತಗಡು ತೆಳುವೇ, ಅಂಚನ್ನು ಸುರುಳಿ ಮಡಚಿದ್ದರಿಂದ ಅದು ಬಾಗುವುದಿಲ್ಲ. ಗುಮ್ಮಟದ ಆಕಾರಕ್ಕೆ ತನ್ನದೇ ಬಲವಿದೆ, ಸೋಲುವುದು ಕೆಳಗಿನ ಬಾಯಿ. ಬಾಯಿ ಅಗಲವಾದರೆ ನೆತ್ತಿ ತಾನಾಗಿ ಕುಸಿಯುತ್ತದೆ. ನಿಮ್ಮದೂ ಹಾಗೇ ಆಗಿರಬೇಕು.

ಮೊದಲು ತಗ್ಗು ಸರಿಮಾಡಿ. ಒಳಗೆ ಒಂದು ಬಲೂನ್ ಇಟ್ಟು ಮೆಲ್ಲಗೆ ಊದಿದರೆ ನೆತ್ತಿ ಮೇಲೆದ್ದು ಬರುತ್ತದೆ. ಕೆಲಸ ಮುಗಿಯುವವರೆಗೂ ಬಲೂನ್ ಅಲ್ಲೇ ಇರಲಿ, ಅದೇ ಅಚ್ಚು. ಬಿಟ್ಟ ಜೋಡಣೆಗೆ ಮಾಸ್ಕಿಂಗ್ ಟೇಪ್ ಹಾಕಿ. ಆಮೇಲೆ ನೀರು ಬೆರೆಸದ ಫೆವಿಕಾಲನ್ನು ಹೊರಗೆಲ್ಲ ತೆಳ್ಳಗೆ ಸವರಿ ಪೂರ್ತಿ ಒಣಗಲು ಬಿಡಿ. ಇದನ್ನು ಬಿಟ್ಟು ನೇರ ನೀರಂಟು ಹಚ್ಚಿದರೆ ರಟ್ಟು ನೆನೆದು ಕೂತುಬಿಡುತ್ತದೆ. ನಾನು ಮೊದಮೊದಲು ಮಾಡಿದ ಎರಡು ಕಿರೀಟ ಹೀಗೇ ಹೋದವು.

ನಂತರ ಪೇಪರ್. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಪೇಪರನ್ನು ಕತ್ತರಿಸಬೇಡಿ, ಎರಡು ಬೆರಳಗಲ ಹರಿಯಿರಿ; ಹರಿದ ಅಂಚು ಒಂದರೊಳಗೊಂದು ಕೂತು ಗೆರೆ ಕಾಣುವುದಿಲ್ಲ. ಮೊದಲ ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಒಂದು ಪದರ ಕನ್ನಡ ಪೇಪರ್, ಇನ್ನೊಂದು ಇಂಗ್ಲಿಷ್ ಪೇಪರ್ ಮಾಡಿಕೊಂಡರೆ ಎಲ್ಲಿ ಬಿಟ್ಟುಹೋಯಿತು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಮೂರು ಪದರ ಸಾಕು. ಭಾರದ ಚಿಂತೆ ಬೇಡ: ಮಗುವಿನ ಶಿರಸ್ತ್ರಾಣದ ಹೊರಮೈ ಸುಮಾರು 1,500 ಚದರ ಸೆಂಟಿಮೀಟರ್, ಚದರ ಮೀಟರಿಗೆ 45 ಗ್ರಾಂ ತೂಗುವ ನ್ಯೂಸ್‌ಪೇಪರ್ ಮೂರು ಪದರಕ್ಕೆ 20 ಗ್ರಾಮಿನ ಆಸುಪಾಸು. ತೂಕ ಏರಿಸುವುದು ಅಂಟು. ಆದ್ದರಿಂದ ಪ್ರತಿ ಪಟ್ಟಿಯನ್ನು ಎರಡು ಬೆರಳ ನಡುವೆ ಎಳೆದು ಹೆಚ್ಚಿನ ಅಂಟು ತೆಗೆಯಿರಿ.

ನಿಜವಾದ ಬಲ ಮುಂದಿನದರಲ್ಲಿದೆ. ಪಂಚೆಯನ್ನು ನೇರ ಕತ್ತರಿಸದೆ ಓರೆಯಾಗಿ, ಟೈಲರ್‌ಗಳು ಕ್ರಾಸ್ ಪಟ್ಟಿ ತೆಗೆಯುವ ಹಾಗೆ, ಮೂರು ಬೆರಳಗಲ ಕತ್ತರಿಸಿ. ಓರೆ ಬಟ್ಟೆ ಹಿಗ್ಗುತ್ತದೆ, ಗುಮ್ಮಟದ ಮೇಲೆ ಸುಕ್ಕಿಲ್ಲದೆ ಕೂರುತ್ತದೆ. ಅದೇ ಅಂಟಿನಲ್ಲಿ ಅದ್ದಿ, ಹಿಂಡಿ, ಒಂದರ ಮೇಲೊಂದು ಅರ್ಧ ಹತ್ತುವಂತೆ ಸುತ್ತಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಅದು ಅಂಟು ಕುಡಿಯುವುದಿಲ್ಲ. ಪಂಚೆ ಸಿಗದಿದ್ದರೆ ಮೆಡಿಕಲ್ ಶಾಪಿನ ಗಾಜ್ ಬ್ಯಾಂಡೇಜ್ ಆದೀತು.

ಇದು ಹೊಸ ವಿದ್ಯೆಯೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳ ಜೋಡಣೆ ಮುಚ್ಚಲು ಸೆಣಬಿನ ಚಿಂದಿಯನ್ನೂ ಹುಣಸೆ ಬೀಜದ ಅಂಟನ್ನೂ ಬಳಸುತ್ತಾರೆ. ನಿಮ್ಮ ವೇಷದ ಕಾಲಕ್ಕೇ ಹೋಗೋಣ: 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಅಲ್ಲಿನ ಕುದುರೆ ಸವಾರರ ಅಂಗಿ ಹಸಿ ತೊಗಲಿನ ಪದರಗಳದ್ದು, ಶಿರಸ್ತ್ರಾಣಕ್ಕೆ ಕತ್ತು ಮುಚ್ಚುವ ಅಂಚಿತ್ತು ಎಂದು ಬರೆದಿದ್ದಾನೆ. ನಿಮ್ಮ ಮಗನದ್ದಕ್ಕೂ ಹಿಂದುಗಡೆ ನಾಲ್ಕು ಬೆರಳು ಕತ್ತಿನ ಪಟ್ಟಿ ಇಳಿಬಿಡಿ. ನೋಡಲೂ ಚೆಂದ, ಬಾಯಿಯ ಅಂಚಿಗೂ ಆಧಾರ.

ಈಗ ಅಂಚು. ಬೈಂಡಿಂಗ್ ವೈರನ್ನು ಎರಡೆಳೆ ಹೊಸೆದು ಬಾಯಿಯ ಸುತ್ತ ಇಡಿ, ಅದರ ಮೇಲೆ ಅಂಟಿನ ಬಟ್ಟೆಯನ್ನು ಒಳಗಿಂದ ಹೊರಕ್ಕೆ ಮಡಚಿ, ಲಂಗದ ಅಂಚು ಹೊಲಿದಂತೆ. ವೈರಿನ ಎರಡೂ ತುದಿ ಹಿಂದಕ್ಕೆ, ಕತ್ತಿನ ಕಡೆ ಬರಲಿ. ಚುಚ್ಚದಂತೆ ತಿರುಚಿ ಟೇಪ್ ಸುತ್ತಿ. ಹಣೆಯಿಂದ ಹಿಂದಲೆಯವರೆಗೆ ರಟ್ಟಿನ ಒಂದು ಏಣು ನಿಲ್ಲಿಸಿ ಬಟ್ಟೆ ಹೊದಿಸಿದರೆ ನೆತ್ತಿ ಮತ್ತೆ ತಗ್ಗಾಗುವುದಿಲ್ಲ.

ಒಣಗಿಸಲು ಬಿಸಿಲಿಗಿಡಬೇಡಿ, ಸೊಟ್ಟಗಾಗುತ್ತದೆ. ನೆರಳಲ್ಲಿ ಫ್ಯಾನ್ ಕೆಳಗಿಡಿ. ಎರಡು ಪದರಕ್ಕೆ ಒಂದು ದಿನ. ಮಳೆ ಹಿಡಿದಿದ್ದರೆ ಎರಡು. ಉಗುರಿನಿಂದ ತಟ್ಟಿ: ದಬ್ ಅಂದರೆ ಒಳಗೆ ಹಸಿಯಿದೆ, ಟಕ್ ಅಂದರೆ ಮುಂದುವರಿಸಿ. ಹಸಿ ಇರುವಾಗಲೇ ಬಣ್ಣ ಬಳಿದರೆ ಒಳಗೆ ಬೂಸ್ಟು ಬರುತ್ತದೆ.

ಮೇಲ್ಮೈ ನಯವಾಗಬೇಕಿದ್ದರೆ ಗೋಡೆಗೆ ಹಚ್ಚುವ ಪುಟ್ಟಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತೆಳುವಾಗಿ ಸವರಿ, ಉಪ್ಪುಕಾಗದದಿಂದ ಉಜ್ಜಿ. ದಪ್ಪ ಬಳಿದರೆ ಸೀಳುತ್ತದೆ. ಮೊದಲು ಕಪ್ಪು ಬಣ್ಣ, ಒಣಗಿದ ಮೇಲೆ ಚಿಂದಿ ಬಟ್ಟೆಗೆ ಸಿಲ್ವರ್ ಬಣ್ಣ ಮುಟ್ಟಿಸಿ ಹಗುರವಾಗಿ ಒತ್ತುತ್ತ ಹೋದರೆ ಹಳೇ ಕಬ್ಬಿಣದ ಹಾಗೇ ಕಾಣುತ್ತದೆ. ಬೆವರಿನ ತೊಂದರೆಗೆ ಒಳಗಡೆ ಎರಡು ಕೋಟ್ ವಾರ್ನಿಷ್ ಹಚ್ಚಿ. ವಾಸನೆ ಪೂರ್ತಿ ಹೋದಮೇಲೆ ನಾಲ್ಕು ಕಡೆ ಸ್ಪಾಂಜ್ ತುಂಡು ಅಂಟಿಸಿ. ತಲೆಗೂ ರಟ್ಟಿಗೂ ನಡುವೆ ಗಾಳಿ ಆಡುತ್ತದೆ, ಮಗು ಕಿತ್ತೆಸೆಯುವುದಿಲ್ಲ.

ಫೆವಿಕಾಲ್ ಉಳಿಸಲು ಮೈದಾ ಅಂಟು ಕಾಯಿಸಬಹುದು, ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಹುಳ ಬಾರದಿರಲೆಂದು ಪೋಸ್ಟರ್ ಅಂಟಿಸುವವರು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ತಲೆಗೇರುವ ವಸ್ತುವಿಗೆ ಖಂಡಿತ ಬೇಡ. ಮತ್ತೆ, ಎಷ್ಟೇ ಗಟ್ಟಿಯಾದರೂ ಇದು ವೇಷವೇ. ಸ್ಕೂಟರಿನ ಹಿಂದೆ ಕೂರಿಸಿ ಕರೆದೊಯ್ಯುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಬೇರೆಯೇ ಇರಲಿ, ಇದು ಚೀಲದಲ್ಲಿರಲಿ.

ಪ್ರಶ್ನೆ: ಥರ್ಮಾಕೋಲ್ ಕೆತ್ತಿ ಗಗನಯಾತ್ರಿಯ ಹೆಲ್ಮೆಟ್ ಮಾಡಿದ್ದೆ. ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಇಲಿ ತಿಂದಂತೆ ಗುಳಿ ಬಿತ್ತು. ಯಾಕೆ? (ಶಿವಮೊಗ್ಗದಿಂದ)

ಉತ್ತರ: ಥರ್ಮಾಕೋಲ್ ಅಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್. ಸ್ಪ್ರೇ ಪೇಂಟಿನ ದ್ರಾವಕ ಅದನ್ನು ಕರಗಿಸುತ್ತದೆ. ಪಂಕ್ಚರ್ ಸಲ್ಯೂಷನ್, ಪಾಲಿಯೆಸ್ಟರ್ ರೆಸಿನ್ ಕೂಡ ಅಷ್ಟೇ. ಗುಳಿಗಳಿಗೆ ಪೇಪರ್ ಮುದ್ದೆ ತುಂಬಿ, ಮೇಲೆ ಹೇಳಿದಂತೆ ಎರಡು ಪದರ ಪೇಪರ್, ಒಂದು ಪದರ ಬಟ್ಟೆ ಹೊದಿಸಿ. ಆಮೇಲೆ ಬ್ರಷ್‌ನಲ್ಲಿ ನೀರಿನ ಅಕ್ರಿಲಿಕ್ ಬಣ್ಣ ಹಚ್ಚಿ.

ಪ್ರಶ್ನೆ: ಶಾಲೆಯ ನಾಟಕಕ್ಕೆ ಇಂಥದ್ದೇ 20 ಶಿರಸ್ತ್ರಾಣ ಬೇಕು. ಒಂದೊಂದೇ ಮಾಡುತ್ತ ಕೂರಲು ಆಗುವುದಿಲ್ಲ. (ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: ರಟ್ಟಿನ ಕೆಲಸವನ್ನೇ ಬಿಡಿ ಮೇಡಂ. ಮಕ್ಕಳ ತಲೆಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ಪ್ಲಾಸ್ಟಿಕ್ ಬೋಗುಣಿ ಬೋರಲು ಹಾಕಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೇ ನಾಲ್ಕು ಪದರ ಪೇಪರ್, ಒಂದು ಪದರ ಬಟ್ಟೆ ಹಾಕಿಸಿ. ಒಣಗಿದ ಮೇಲೆ ಹಾಳೆ ಸಮೇತ ಎತ್ತಿದರೆ ಬಿಟ್ಟುಬರುತ್ತದೆ. ನಾಲ್ಕು ಬೋಗುಣಿಗೆ ಐದು ಸುತ್ತು, ಸುತ್ತಿಗೆ ಎರಡೂವರೆ ದಿನ ಹಿಡಿಯಿರಿ. ಪೇಪರ್ ಹರಿಯುವ ಕೆಲಸ ಮಕ್ಕಳಿಗೆ ಕೊಡಿ, ವೈರ್ ಹೊಸೆಯುವುದು ದೊಡ್ಡವರ ಕೈಯಲ್ಲಿರಲಿ.