ಬೆಂಗಳೂರಿನ ಹಳೆ ಪೇಟೆಯ ಗೋಡೆ, ಬೋರ್ಡು, ತಾರಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅವೆನ್ಯೂ ರಸ್ತೆಯಲ್ಲಿ ತಾತನ ಕಾಲದ ಅಂಗಡಿ ನಮ್ಮದು. ಎರಡು ವರ್ಷದ ಹಿಂದೆ ಮುಂಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಬಣ್ಣ ಹೊಡೆಸಿದೆವು. ಈಗ ಸೊಂಟದೆತ್ತರದವರೆಗೆ ಉಬ್ಬಿ ಉದುರುತ್ತಿದೆ, ಬಿಳಿ ಉಪ್ಪು ಕಾಣುತ್ತಿದೆ, ಇಟ್ಟಿಗೆಯೂ ಪುಡಿಯಾಗುತ್ತಿದೆ. ಮೇಸ್ತ್ರಿ ‘ಈ ಸಲ ಇನ್ನೂ ಗಟ್ಟಿ ಮಾಲು ಹಾಕೋಣ’ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಮಾಲು ಗಟ್ಟಿಯಾದದ್ದರಿಂದಲೇ ಗೋಡೆ ಹೀಗಾಗಿದೆ. ಹಿರಿಯರು ಇಂದಿಗೂ ದೊಡ್ಡಪೇಟೆ ಎನ್ನುವ ಆ ಬೀದಿಯ ಹಳೆ ಗೋಡೆಗಳು ಮೆತ್ತನೆಯ ಇಟ್ಟಿಗೆ, ಸುಣ್ಣದ ಗಾರೆಯವು. ನೆಲದಿಂದ ಏರಿದ ತೇವ ಗಾರೆಯ ಮೂಲಕ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು, ಮೇಲಿನ ಎಮಲ್ಷನ್ ಬಣ್ಣ ಉಳಿದ ಕಿಂಡಿಯನ್ನೂ ಮುಚ್ಚಿತು. ಸಿಕ್ಕಿಕೊಂಡ ನೀರಿನ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದರ ಮುಖವನ್ನು ಸಿಡಿಸುತ್ತಿದೆ.

ಮೊದಲು ನೀರಿನ ಮೂಲ ಹುಡುಕಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ನಿಮ್ಮ ಜಗಲಿಯ ಮಟ್ಟಕ್ಕೆ ಬಂದಿದೆಯೇ? ತಾರಸಿಯ ನೀರಿನ ಪೈಪು ಗೋಡೆಗೇ ಸುರಿಯುತ್ತಿದೆಯೇ? ಇದನ್ನು ಸರಿಮಾಡದೆ ಗಾರೆಗೆ ಖರ್ಚು ಮಾಡುವುದು ವ್ಯರ್ಥ.

ಸಿಮೆಂಟನ್ನು ಸಣ್ಣ ಸುತ್ತಿಗೆ, ಉಳಿಯಿಂದ ಓರೆಯಾಗಿ ಎಬ್ಬಿಸಿ. ಬ್ರೇಕರ್ ಯಂತ್ರ ಬಳಸಿದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಸಂದುಗಳನ್ನು ಒಂದು ಇಂಚು ಆಳ ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಗೋಡೆ ಆರಲಿ. ಜನವರಿಯಲ್ಲಿ ಸಿಮೆಂಟ್ ತೆಗೆಸಿ, ಮಾರ್ಚ್ ಹೊತ್ತಿಗೆ ಗಾರೆ ಶುರುಮಾಡಿ, ಮುಂಗಾರಿಗೆ ಮುಂಚೆ ಮುಗಿಸುವುದು ಬೆಂಗಳೂರಿನ ಹವೆಗೆ ಹೊಂದುತ್ತದೆ.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಮೂರು ವಾರ ಇಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಚೀಲದ ಸುಣ್ಣ ಗಾಳಿ ಹೀರಿ ಸತ್ತಿರುತ್ತದೆ, ಅದು ರಂಗೋಲಿಗೆ ಸರಿ. ಅಳತೆ: ಸುಣ್ಣ 1, ಇಟ್ಟಿಗೆ ಪುಡಿ ಅಂದರೆ ಸುರ್ಕಿ 1, ತೊಳೆದ ಮರಳು 2. ಗೋಡೆಯನ್ನು ಹಿಂದಿನ ದಿನವೇ ನೆನೆಸಿ. ಮೊದಲ ಪದರ 10ರಿಂದ 12 ಮಿ.ಮೀ., ವಾರ ಬಿಟ್ಟು ಎರಡನೆಯದು 6ರಿಂದ 8 ಮಿ.ಮೀ. ಒಂದೇ ಸಲಕ್ಕೆ ಒಂದು ಇಂಚು ಬಳಿದರೆ ಬಿರುಕು ಖಂಡಿತ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಬಿಸಿಲಿಗೆ ಗೋಣಿತಟ್ಟು ಇಳಿಬಿಟ್ಟು ಹತ್ತು ದಿನ ಬೆಳಿಗ್ಗೆ, ಸಂಜೆ ನೀರು ಚಿಮುಕಿಸಬೇಕು. ‘ಬೇಗ ಸೆಟ್ ಆಗಲಿ’ ಎಂದು ಯಾರೋ ಒಂದು ಬಾಣಲಿ ಸಿಮೆಂಟ್ ಬೆರೆಸುವುದು ಇದೇ ಹಂತದಲ್ಲಿ, ಆ ದಿನಗಳಲ್ಲಿ ಎದುರಿಗೇ ನಿಂತಿರಿ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ ಮೂರು ಸಲ. ಬಣ್ಣ ಬೇಕಿದ್ದರೆ ಅದಕ್ಕೇ ಕಾವಿ ಬೆರೆಸಿ. ವಾಲ್ ಪುಟ್ಟಿ ಬೇಡ.

ಪ್ರಶ್ನೆ: ಚಿಕ್ಕಪೇಟೆಯ ನಮ್ಮ ಬಟ್ಟೆ ಅಂಗಡಿಗೆ ಹೊಸ ಬೋರ್ಡ್ ಬೇಕು. ಮೊದಲ ಮಹಡಿಯನ್ನೂ ಸೇರಿಸಿ ಪೂರ್ತಿ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಇನ್ನೊಂದು ಪದರವಿರುವ ಹಲಗೆ) ಹೊದಿಸಿದರೆ ಹಳೆ ಕಿಟಕಿ, ಬಿರುಕು ಏನೂ ಕಾಣುವುದಿಲ್ಲ ಎನ್ನುತ್ತಾರೆ ಫ್ಯಾಬ್ರಿಕೇಟರ್.

ಉತ್ತರ: ಕಾಣುವುದಿಲ್ಲ ಎನ್ನುವುದೇ ಅದರ ದೋಷ. ಶೀಟಿನ ಹಿಂದೆ ಸೋರುವುದು, ಮರ ಕೊಳೆಯುವುದು, ಅರಳಿ ಗಿಡ ಬೇರು ಬಿಡುವುದು ಎಲ್ಲವೂ ಗುಟ್ಟಾಗಿ ನಡೆಯುತ್ತವೆ. ಅಗ್ಗದ ಎಸಿಪಿಯ ನಡುವೆ ಇರುವುದು ಪಾಲಿಥೀನ್. ಶಾರ್ಟ್ ಸರ್ಕ್ಯೂಟಿನ ಕಿಡಿ ತಾಗಿದರೆ ಅದು ಉರಿದು ತೊಟ್ಟಿಕ್ಕುತ್ತ ಬೆಂಕಿಯನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ. ಒಳಗೆಲ್ಲ ಬಟ್ಟೆ ಇರುವ ಇಕ್ಕಟ್ಟಿನ ಬೀದಿ ನಿಮ್ಮದು.

ಬೋರ್ಡಿಗೆ ಜಾಗ ಬಾಗಿಲಿನ ಮೇಲೆ, ಮಹಡಿ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ. ಎತ್ತರ ಎರಡು ಅಡಿ ದಾಟದಿರಲಿ. ತಾರಸಿಯ ಕೈಪಿಡಿ ಗೋಡೆಯ (ಪ್ಯಾರಪೆಟ್) ಮೇಲೆ ಗಾರೆಯಲ್ಲಿ ತೇಲಿಸಿದ ಹಳೆ ಹೆಸರು, ಇಸವಿ ಇದ್ದರೆ ಅದನ್ನು ಮುಚ್ಚಲೇಬಾರದು, ಅಂಥ ಜಾಹೀರಾತು ದುಡ್ಡು ಕೊಟ್ಟರೂ ಸಿಗದು. ಗೋಡೆಗೂ ಬೋರ್ಡಿಗೂ ಎರಡು ಇಂಚು ಗಾಳಿ ಆಡಲಿ. ತೂತನ್ನು ಇಟ್ಟಿಗೆಗೆ ಕೊರೆಯದೆ ಸಂದಿಗೆ ಕೊರೆಯಿರಿ, ಡ್ರಿಲ್ಲಿನ ಹ್ಯಾಮರ್ ಆಫ್ ಆಗಿರಲಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಕಬ್ಬಿಣದ್ದು ತುಕ್ಕು ಹಿಡಿದು ಹಿಗ್ಗಿ ಸುತ್ತಲಿನ ಗಾರೆ ಒಡೆಯುತ್ತದೆ. ಒಳಗೆ ದೀಪ ಉರಿಯುವ ಫ್ಲೆಕ್ಸ್ ಡಬ್ಬಕ್ಕಿಂತ, ಬಣ್ಣ ಬರೆದ ತಗಡಿಗೆ ಮೇಲಿನಿಂದ ಎರಡು ಸಣ್ಣ ದೀಪ ಸಾಕು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಫ್ಯಾಬ್ರಿಕೇಟರುಗಳು ಮರೆಯುವ ಒಂದು ಮಾತು: ಕನ್ನಡಕ್ಕೆ ಒತ್ತಕ್ಷರವಿದೆ. ‘ವಸ್ತ್ರ’ ಎಂದು ಬರೆಯಲು ಅಕ್ಷರದ ಕೆಳಗೆ ಇನ್ನೊಂದು ಅಕ್ಷರದಷ್ಟು ಜಾಗ ಬೇಕು. ಅದನ್ನು ಬಿಡದೆ ಕಂಪ್ಯೂಟರಿನಲ್ಲಿ ಅದುಮಿದರೆ ಎದುರು ಸಾಲಿನವರಿಗೂ ಓದಲಾಗದು.

ಪ್ರಶ್ನೆ: ಬಳೇಪೇಟೆಯ ಅಂಗಡಿಗೆ ಮರದ ಹಲಗೆ ಬಾಗಿಲಿದೆ. ಭದ್ರತೆಗೆ ರೋಲಿಂಗ್ ಶಟರ್ ಹಾಕಿಸಿದರೆ ಹಳೆ ಚೌಕಟ್ಟು ತೆಗೆಯಲೇಬೇಕೇ?

ಉತ್ತರ: ಬೇಕಿಲ್ಲ. ಶಟರಿನ ಸುರುಳಿಯನ್ನು ಚೌಕಟ್ಟಿನ ಒಳಬದಿಗೆ ಕೂರಿಸಿದರೆ ಹೊರಗಿನ ಕಂಬ, ಅದರ ತಲೆಯ ಬೋದಿಗೆ ಹಾಗೇ ಉಳಿಯುತ್ತವೆ. ಒಳಗೆ ಒಂದು ಅಡಿಯಷ್ಟು ಜಾಗ ಹೋಗುತ್ತದೆ, ಅಷ್ಟೇ. ಹಲಗೆಗಳನ್ನು ತೆಗೆಯುವ ಮುನ್ನ ಕ್ರಮವಾಗಿ ನಂಬರ್ ಹಾಕಿ. ನೀವು ಬಾಡಿಗೆದಾರರಾಗಿದ್ದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ.

ಪ್ರಶ್ನೆ: ಮಾಮೂಲ್‌ಪೇಟೆಯ ಕಟ್ಟಡದ ಮದ್ರಾಸ್ ತಾರಸಿ ಸೋರುತ್ತಿದೆ. ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಬಿಡೋಣವೇ?

ಉತ್ತರ: ಲೆಕ್ಕ ನೋಡಿ. 20 ಅಡಿಗೆ 12 ಅಡಿಯ ಕೋಣೆಯ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಎಂದರೆ ಸುಮಾರು ಐದೂವರೆ ಟನ್. ಅದನ್ನು ಹೊರಬೇಕಾದವು ಹಳೆಯ ಮರದ ಜಂತೆಗಳು. ಈ ತಾರಸಿಯಲ್ಲಿ ಜಂತೆಯ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಸಾಲಾಗಿ ನಿಲ್ಲಿಸಿ, ಮೇಲೆ ಮೂರು ನಾಲ್ಕು ಇಂಚು ಸುಣ್ಣ, ಇಟ್ಟಿಗೆ ಜಲ್ಲಿಯ ಗಚ್ಚು ಬಡಿದು, ಬಿಲ್ಲೆ ಹಾಸಿರುತ್ತಾರೆ. ಸೋರುವುದು ಹೆಚ್ಚಾಗಿ ನಡುವೆ ಅಲ್ಲ, ಕೈಪಿಡಿ ಗೋಡೆ ಸೇರುವ ಮೂಲೆಯಲ್ಲಿ, ನೀರು ಹೋಗುವ ತೂಬಿನಲ್ಲಿ. ಬಿಲ್ಲೆಗಳ ಸಂದು ಕೆರೆದು ಸುಣ್ಣ-ಸುರ್ಕಿ ತುಂಬಿ. ಮೂಲೆಯುದ್ದಕ್ಕೂ ಅದೇ ಗಾರೆಯಿಂದ ಗುಂಡಗೆ ಗೋಲಾ ಕಟ್ಟಿಸಿ. ಇಳಿಜಾರು ಹತ್ತು ಅಡಿಗೆ ಎರಡು ಇಂಚು ಇರಲಿ.

ಕೆಳಗಿನಿಂದ ಜಂತೆಯ ತುದಿಗಳನ್ನೂ ನೋಡಿ. ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಮರ ಕೊಳೆತಿದೆ, ಕೆಳಗೆ ಆಸರೆ ಕೊಟ್ಟು ಆ ತುದಿಯನ್ನು ಬಡಗಿಯಿಂದ ಬದಲಾಯಿಸಬೇಕು. ಸಾವಿರ ಲೀಟರಿನ ನೀರಿನ ಟ್ಯಾಂಕ್ ತಾರಸಿಯ ನಡುವೆ ಕೂತಿದ್ದರೆ ಅದನ್ನು ಮೊದಲು ಇಳಿಸಿ. ಅದೊಂದೇ ಒಂದು ಟನ್.

ಪ್ರಶ್ನೆ: ಕೋಟೆಯ ಹತ್ತಿರ, ಕೆ.ಆರ್. ಮಾರ್ಕೆಟ್ ಕಡೆ ನಮ್ಮ ಮಳಿಗೆ. ರಿಪೇರಿಗೂ ಅನುಮತಿ ಬೇಕು ಎನ್ನುತ್ತಾರೆ, ನಿಜವೇ?

ಉತ್ತರ: ದೂರದ ಮೇಲೆ ಹೋಗುತ್ತದೆ. ಬೆಂಗಳೂರು ಕೋಟೆ, ಟಿಪ್ಪು ಅರಮನೆ ಎರಡೂ ಕೇಂದ್ರದ ಸಂರಕ್ಷಿತ ಸ್ಮಾರಕಗಳು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. 100 ಮೀಟರಿನೊಳಗೆ ಹೊಸ ಕಟ್ಟಡ ಇಲ್ಲ. ಕಟ್ಟಡ 1992ರ ಜೂನ್ 16ಕ್ಕೆ ಮೊದಲಿನದಾದರೆ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮುಂದೆ ಹೋಗುತ್ತದೆ. ಅಳತೆಯನ್ನು ಕೋಟೆಯ ಬಾಗಿಲಿನಿಂದ ಹಿಡಿಯಬೇಡಿ, ಗಡಿಯಿಂದ ಹಿಡಿಯಿರಿ. ಕಟ್ಟಡದ ವಯಸ್ಸು ತೋರಿಸಲು ಹಳೆ ಕ್ರಯಪತ್ರ, ಕಂದಾಯ ರಸೀದಿ ಹುಡುಕಿಡಿ. ಕೆಲಸ ಶುರುವಾಗುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.